ಬೂಟ್ ಕೇಳದೆ ಬೈಂಡಿಂಗ್ ರಿಪೇರಿ ಮಾಡುವವರ ಕೈಗೆ ನಿಮ್ಮ ಸ್ಕೀ ಕೊಡಬೇಡಿ

ಬೆಂಗಳೂರಿನಲ್ಲಿದ್ದುಕೊಂಡು ಚಳಿಗಾಲಕ್ಕೆ ಗುಲ್ಮಾರ್ಗ್ ಕಡೆ ಹೋಗುವವರು, ಸ್ವಂತ ಸ್ಕೀ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯೋದಕ್ಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ನನ್ನ ಸ್ಕೀ ಕೆಡಿಸಿಕೊಟ್ಟ ರಿಪೇರಿಯವನು ಇನ್ನೂ ಶೆಡ್ ತೆರೆದುಕೊಂಡು ಕೂತಿದ್ದಾನೆ. ನನ್ನ ಬಲ ಮಂಡಿಗೆ ಮಾತ್ರ ಇವತ್ತಿಗೂ ಪಟ್ಟಿ ಇದೆ.

ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಟೂರಿಂಗ್ ಸ್ಕೀ, ಅಂದರೆ ಹಿಮದಲ್ಲಿ ಹತ್ತೋದಕ್ಕೂ ಇಳಿಯೋದಕ್ಕೂ ಆಗುವ ಸ್ಕೀ ತಗೊಂಡೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಪಿನ್‌ನದ್ದು. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಕಂಡುಹಿಡಿದರಲ್ಲ, ಆ ಜಾತಿಯದ್ದು. ಮುಂದೆ ಎರಡು ಪಿನ್ ಬೂಟಿನ ತುದಿಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ, ಹಿಂದೆ ಇನ್ನೆರಡು ಪಿನ್ ಹಿಮ್ಮಡಿಗೆ. ಹತ್ತುವಾಗ ಹಿಂದಿನ ಹೀಲ್ ಪೀಸ್ ತಿರುಗಿಸಿದರೆ ಹಿಮ್ಮಡಿ ಬಿಡುತ್ತದೆ, ನಡೆಯಬಹುದು. ಇಳಿಯುವಾಗ ಮತ್ತೆ ತಿರುಗಿಸಿ ಒತ್ತಿದರೆ ಕೂರುತ್ತದೆ. ಸ್ಕೀ ಚೆನ್ನಾಗಿತ್ತು. ಎರಡೇ ಸಮಸ್ಯೆ. ಬಲಗಡೆ ಹೀಲ್ ಪೀಸ್ ಅಲ್ಲಾಡುತ್ತಿತ್ತು, ಸ್ಕ್ರೂ ಹಿಡಿತ ಬಿಟ್ಟಿತ್ತು. ಇನ್ನೊಂದು, ಅದು ಹಳೇ ಮಾಲೀಕರ ಬೂಟಿಗೆ ಹೊಂದಿಸಿದ್ದು, ನನ್ನ ಬೂಟಿಗೆ ಸರಿಮಾಡಿಸಬೇಕಿತ್ತು.

ನಮ್ಮ ಟ್ರೆಕ್ಕಿಂಗ್ ಗುಂಪಿನಲ್ಲಿ ಒಬ್ಬರು ನಂಬರ್ ಕೊಟ್ಟರು. ಪೀಣ್ಯ ಕಡೆ ಒಂದು ಶೆಡ್. ಟ್ರೆಡ್‌ಮಿಲ್, ದುಬಾರಿ ಸೈಕಲ್, ಸ್ಕೀ, ಎಲ್ಲಾ ರಿಪೇರಿ. ಹೆಸರು ಹಾಕುವುದಿಲ್ಲ. ಮೆಟ್ರೋ ಇಳಿದು ಎರಡೂ ಸ್ಕೀ ಹೆಗಲ ಮೇಲೆ ಹೊತ್ತುಕೊಂಡು ಹೋಗೋಣ ಅಂದುಕೊಂಡಿದ್ದೆ, ಕೊನೆಗೆ ಕಾರಿನಲ್ಲೇ ಹೋದೆ. ಅದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೂಟ್ ಕಾರಿನ ಡಿಕ್ಕಿಯಲ್ಲೇ ಇತ್ತು. ಹತ್ತು ಹೆಜ್ಜೆ ದೂರ.

ಅವನು ಹೀಲ್ ಪೀಸ್ ಹಿಡಿದು ಅಲ್ಲಾಡಿಸಿದ. 'ಇದಾ, ಇದು ಅರ್ಧ ದಿನದ ಕೆಲಸ ಸರ್' ಅಂದ. ಯುರೋಪಿನಲ್ಲಿ ಟ್ರೈನಿಂಗ್ ಆಗಿದೆ ಅಂದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ನಿಮ್ಮ ಶೂ ಸೈಜ್ ಎಷ್ಟು, ಎಂಟಾ?' ಹೌದು ಅಂದೆ. 'ಸಾಕು ಬಿಡಿ.'

ಇಲ್ಲೇ ನಾನು ಎದ್ದು ಬರಬೇಕಿತ್ತು. ಇಲ್ಲೇ. ಶೂ ಸೈಜ್ ಇಟ್ಟುಕೊಂಡು ಯಾರೂ ಬೈಂಡಿಂಗ್ ಹೊಂದಿಸುವುದಿಲ್ಲ. ಬೇಕಾಗಿರುವುದು ಬೂಟಿನ ಅಡಿಯ ಉದ್ದ, ಅದು ಮಿಲಿಮೀಟರಿನಲ್ಲಿ ಬೂಟಿನ ಹಿಮ್ಮಡಿ ಹತ್ತಿರವೇ ಅಚ್ಚಾಗಿರುತ್ತದೆ. ನನ್ನದು 297. ಒಂದೇ ಸೈಜಿನ ಎರಡು ಬ್ರ್ಯಾಂಡ್ ಬೂಟ್ ತಗೊಂಡರೆ ಈ ಉದ್ದ ಬೇರೆ ಬೇರೆ ಇರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ನಿಂತಿದ್ದೆ. 'ಬೂಟ್ ಕಾರಲ್ಲಿದೆ, ತರಲಾ?' ಅಂತ ಕೇಳಿಯೂ ಕೇಳಿದೆ. 'ಬೇಡ ಸರ್, ನಮಗೆ ಅಂದಾಜಿದೆ' ಅಂದ. ಯುರೋಪ್ ಅಂದಿದ್ದಾನಲ್ಲ, ಅವನಿಗೆ ಗೊತ್ತಿರುತ್ತೆ ಅಂತ ನಾನೇ ಸಮಾಧಾನ ಮಾಡಿಕೊಂಡೆ. ನನ್ನ ತೂಕ ಕೇಳಲಿಲ್ಲ. ವಯಸ್ಸು ಕೇಳಲಿಲ್ಲ. ಎಷ್ಟು ವರ್ಷದಿಂದ ಸ್ಕೀ ಮಾಡುತ್ತಿದ್ದೀರಿ ಅಂತಲೂ ಕೇಳಲಿಲ್ಲ. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಕಳಚಬೇಕು ಅನ್ನುವ ನಂಬರ್ ಲೆಕ್ಕ ಹಾಕೋದೇ ಇವುಗಳ ಮೇಲೆ ಅಲ್ವಾ?

6,500 ರೂಪಾಯಿ. ಬಿಲ್ ಕೇಳಿದರೆ 'ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರತ್ತೆ ಸರ್, ನಿಮಗೇ ಜಾಸ್ತಿ' ಅಂದ. ಬಿಟ್ಟೆ.

ಮೂರು ದಿನ ಬಿಟ್ಟು ಹೋದಾಗ ಸ್ಕೀ ಪಳಪಳ ಅನ್ನುತ್ತಿತ್ತು. ಹೀಲ್ ಪೀಸ್ ಒಂಚೂರೂ ಅಲ್ಲಾಡಲಿಲ್ಲ. ಅವನು ಹೆಮ್ಮೆಯಿಂದ ಅಂದ: 'ಫುಲ್ ಟೈಟ್ ಮಾಡಿದೀನಿ ಸರ್. ಇನ್ನು ಜನ್ಮದಲ್ಲಿ ಕಳಚಲ್ಲ.' ನನಗೆ ಖುಷಿ ಆಯಿತು. ಈ ಮಾತು ನೆನೆಸಿಕೊಂಡರೆ ಈಗ ಹೊಟ್ಟೆ ಉರಿಯುತ್ತದೆ. ಕಳಚಬೇಕಾದಾಗ ಕಳಚದಿದ್ದರೆ ಕಾಲೇ ಹೋಗುತ್ತದೆ, ಬೈಂಡಿಂಗ್ ಇರುವುದೇ ಅದಕ್ಕೆ. ಅವನು ಅದನ್ನೇ ಕೆಡಿಸಿ ಅದನ್ನೇ ಹೆಚ್ಚುಗಾರಿಕೆ ಅಂತ ಹೇಳಿದ, ನಾನು ಥ್ಯಾಂಕ್ಸ್ ಹೇಳಿ ಬಂದೆ.

ಮನೆಯಲ್ಲಿ ಬೂಟ್ ಹಾಕಿ ಒತ್ತಿದೆ. ಕಟ್ ಅಂತ ಕೂತಿತು. ಅಷ್ಟೇ ನೋಡಿದ್ದು.

ಫೆಬ್ರವರಿಯಲ್ಲಿ ಗುಲ್ಮಾರ್ಗ್. ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಬೆಳಗ್ಗೆ ಕೈ ಹೊರಗೆ ತೆಗೆಯೋಕೆ ಆಗದ ಚಳಿ. ಸ್ಕೀ ತಳಕ್ಕೆ ಸ್ಕಿನ್, ಅಂದರೆ ಹತ್ತುವಾಗ ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ, ಹಚ್ಚಿಕೊಂಡು ಹೊರಡೋಣ ಅಂತ ಹೀಲ್ ಪೀಸ್ ತಿರುಗಿಸಿದರೆ ತಿರುಗಲೇ ಇಲ್ಲ. ಕೋಲಿನಿಂದ ಮೀಟಿದೆ, ಬೂಟಿನಿಂದ ಒದ್ದೆ. ನಾಲ್ಕನೇ ಸಲಕ್ಕೆ ಗೊರಗೊರ ಅಂತ ತಿರುಗಿತು. ಆಗಲೂ ನಾನು ಮಂಜುಗಡ್ಡೆ ಕಟ್ಟಿದೆ ಅಂದುಕೊಂಡೆ. ಮುಂದಿನ ಪಿನ್ ಇರುವ ರೆಕ್ಕೆಗಳ ಅಡಿಯಲ್ಲಿ ಹಿಮ ಸೇರಿ ಗಟ್ಟಿಯಾಗುವುದು ಇದ್ದದ್ದೇ, ಅದನ್ನು ಕೋಲಿನ ತುದಿಯಿಂದ ಕೆರೆದು ತೆಗೆದೆ. ಆದರೆ ಹಿಂದೆ ಇದ್ದದ್ದು ಹಿಮ ಅಲ್ಲ.

ಇಳಿಯುವಾಗ ಮರಗಳ ನಡುವೆ ಬಲ ಸ್ಕೀ ತುದಿ ಭಾರದ ಹಿಮದಲ್ಲಿ ಹೂತಿತು. ಮೈ ಎಡಕ್ಕೆ ಹೋಯಿತು, ಸ್ಕೀ ಅಲ್ಲೇ ನಿಂತಿತು. ಕಳಚಬೇಕಿತ್ತು. ಕಳಚಲಿಲ್ಲ. ಮಂಡಿಯೊಳಗೆ ಏನೋ ಹಸಿ ಕೊಂಬೆ ಮುರಿದ ಹಾಗೆ ಸದ್ದು. ಆಮೇಲೆ ಹೀಲ್ ಪೀಸ್ ಪೂರ್ತಿ ಸ್ಕ್ರೂ ಸಮೇತ ಕಿತ್ತುಕೊಂಡು ಬಂತು. ಬೂಟಿನ ಹಿಂದೆ ನೇತಾಡುತ್ತಿತ್ತು. ಬೈಂಡಿಂಗ್ ಬಿಡುವ ಮೊದಲು ಮಂಡಿ ಬಿಟ್ಟಿತ್ತು, ಸ್ಕೀಯೊಳಗಿನ ಮರವೂ ಸ್ಕ್ರೂ ಬಿಟ್ಟುಕೊಟ್ಟಿತ್ತು. ಜೊತೆಯಲ್ಲಿದ್ದ ಇಬ್ಬರು ಹಿಡಿದುಕೊಂಡು ಸೊಂಟದುದ್ದ ಹಿಮದಲ್ಲಿ ಎರಡೂವರೆ ಗಂಟೆ ಇಳಿಸಿದರು. ಡಾಕ್ಟರ್ ಲಿಗಮೆಂಟ್ ಅಂದರು, ಆರು ವಾರ ಪಟ್ಟಿ.

ಮಾರನೇ ದಿನ ಅಲ್ಲಿ ಸ್ಕೀ ಬಾಡಿಗೆ ಕೊಡುವ ಒಬ್ಬ ಹಿರಿಯರ ಹತ್ತಿರ ಸ್ಕೀ ತಗೊಂಡು ಹೋದೆ. ಅವರು ಮೊದಲು ಕೇಳಿದ್ದು 'ಬೂಟ್ ಎಲ್ಲಿ?' ಅಂತ. ಬೂಟ್ ತರಿಸಿಕೊಂಡ ಮೇಲೇ ಸ್ಕ್ರೂಡ್ರೈವರ್ ಮುಟ್ಟಿದರು. ಎಡ ಸ್ಕೀಗೆ ಬೂಟ್ ಹಾಕಿ ಹಿಮ್ಮಡಿಗೂ ಹೀಲ್ ಪೀಸಿಗೂ ನಡುವೆ ಒಂದು ಕಾಗದ ತೂರಿಸಲು ನೋಡಿದರು. ಹೋಗಲಿಲ್ಲ. ನನ್ನ ಮಾಡೆಲ್‌ಗೆ ಅಲ್ಲಿ 5.5 ಮಿಲಿಮೀಟರ್ ಜಾಗ ಇರಬೇಕು. ಕೆಲವು ಮಾಡೆಲ್‌ಗೆ 4, ಕೆಲವಕ್ಕೆ ಜಾಗವೇ ಬೇಡ, ಆದರೆ ಇದಕ್ಕೆ ಬೇಕೇ ಬೇಕು. ಸ್ಕೀ ಬಾಗಿದಾಗ ಹೀಲ್ ಪೀಸ್ ಬೂಟಿಗೆ ಒತ್ತಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಬಿಡುವ ಜಾಗ ಅದು. ಕಳಚುವ ನಂಬರ್ 10ಕ್ಕೆ ಹೋಗಿ ನಿಂತಿತ್ತು, ಅಂದರೆ ಅಳತೆಯ ಕೊನೆ. ನನಗೆ 6 ಸಾಕು. ಒಳಗೆ ಲಾರಿ ಬೇರಿಂಗಿಗೆ ಹಾಕುವಂಥ ಗ್ರೀಸ್, ಚಳಿಗೆ ಗಟ್ಟಿಯಾಗಿ ಮೇಣದ ಹಾಗಾಗಿತ್ತು.

ಆಮೇಲೆ ಅವರು ಸ್ಕೀಯನ್ನು ಮಗುಚಿ ಕಿಟಕಿ ಬೆಳಕಿಗೆ ಹಿಡಿದು, ನನ್ನ ಬೆರಳು ತಗೊಂಡು ತಳದ ಮೇಲೆ ಎಳೆದರು. ಎರಡು ಉಬ್ಬು. ಸೊಳ್ಳೆ ಕಚ್ಚಿದಷ್ಟೇ ದೊಡ್ಡವು. ಒಳಗಿನಿಂದ ಸ್ಕ್ರೂ ಮೊನೆ ತಳವನ್ನು ಒತ್ತಿದ್ದ ಗುರುತು. ಸ್ಕ್ರೂಗೆ ತೂತು ಕೊರೆಯಲು ಲೋಹದ ಪದರ ಇಲ್ಲದ ಸ್ಕೀಗೆ 3.6 ಮಿಲಿಮೀಟರ್ ಬಿಟ್, ಲೋಹ ಇದ್ದರೆ 4.1, ಆಳ 9 ಮಿಲಿಮೀಟರ್. ಪೀಣ್ಯದವನು 5ರ ಬಿಟ್‌ನಲ್ಲಿ ಕೊರೆದು, ಬಾಗಿಲಿನ ಹಿಂಜಿಗೆ ಹೊಡೆಯುವ ಒಂದು ಇಂಚಿನ ಮರದ ಸ್ಕ್ರೂ ಹಾಕಿ, ತೂತಿನ ತುಂಬ ಅಂಟು ಸುರಿದಿದ್ದ. ಅಂಟು ಪುಡಿಪುಡಿಯಾಗಿ ಅವರ ಅಂಗೈಗೆ ಬಿತ್ತು. ಆ ಹಿರಿಯರು ಏನೂ ಬೈಯಲಿಲ್ಲ. 'ಇದನ್ನು ಮಾಡಿದವರು ಸ್ಕೀ ಮಾಡಿಲ್ಲ' ಅಂದರು, ಅಷ್ಟೇ.

ಮಲಗಿದಲ್ಲಿಂದಲೇ ಪೀಣ್ಯಕ್ಕೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

'ಆಗೋಕೇ ಚಾನ್ಸ್ ಇಲ್ಲ ಸರ್, ನಾನೇ ಚೆಕ್ ಮಾಡಿದ್ದು.' ಬೂಟ್ ಇಲ್ಲದೆ ಏನು ಚೆಕ್ ಮಾಡಿದೆ ಅಂತ ಕೇಳಿದೆ. 'ಅಲ್ಲಿ ಚಳಿ ಜಾಸ್ತಿ ಸರ್, ಬೆಂಗಳೂರಲ್ಲಿ ಚೆನ್ನಾಗೇ ಇತ್ತಲ್ಲ.' ಸ್ಕೀಯನ್ನು ಬೆಂಗಳೂರಿನಲ್ಲಿ ಯಾರಪ್ಪಾ ಓಡಿಸುತ್ತಾರೆ? ಫೋಟೋ ಕಳಿಸಿದೆ. ಒಂದು ದಿನ ಉತ್ತರ ಇಲ್ಲ. ಆಮೇಲೆ: 'ಹಳೇ ಮಾಲು ಸರ್, ನಾನು ಆವತ್ತೇ ಹೇಳಿದ್ದೆ.' ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ. ಅದಕ್ಕೂ ಮೀರಿದ್ದು ಇದು: 'ಇಳಿಯುವಾಗ ಮುಂದಿನ ಲಿವರ್ ಲಾಕ್ ಮಾಡ್ಕೋಬೇಕಿತ್ತು ನೀವು.' ಮುಂದಿನ ಲಾಕ್ ಇರುವುದು ಹತ್ತುವಾಗ ಬೂಟ್ ಕಳಚದಿರಲಿ ಅಂತ. ಅದನ್ನು ಹಾಕಿಕೊಂಡು ಇಳಿದು ಬಿದ್ದರೆ ಮುಂದಿನ ಪಿನ್‌ಗಳೂ ಬಿಡುವುದಿಲ್ಲ. ಅವನ ಮಾತು ಕೇಳಿದ್ದರೆ ಮಂಡಿಯ ಜೊತೆ ಮೂಳೆಯೂ ಹೋಗುತ್ತಿತ್ತು. ಇದನ್ನು ಅವನು ಬೇರೆಯವರಿಗೂ ಹೇಳುತ್ತಿರುತ್ತಾನೆ ಅನ್ನುವುದೇ ನನ್ನ ಭಯ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಕೊನೆಯ ಮೆಸೇಜ್: 'ಆರೋಗ್ಯ ನೋಡ್ಕೊಳ್ಳಿ ಸರ್. ನೆಕ್ಸ್ಟ್ ಟೈಮ್ ಡಿಸ್ಕೌಂಟ್ ಕೊಡ್ತೀನಿ.' ಆಮೇಲೆ ಬ್ಲಾಕ್.

ಬಿಲ್ ಇಲ್ಲ, ಆದರೆ ಯುಪಿಐನಲ್ಲಿ ಕಟ್ಟಿದ ದಾಖಲೆ ಇದೆ, ಮೆಸೇಜ್‌ಗಳಿವೆ. 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ.

ಬೈಂಡಿಂಗ್ ಕೊಡುವಾಗ ಬೂಟೂ ಕೊಡಿ. ಬೇಡ ಅಂದರೆ ಸ್ಕೀ ಎತ್ತಿಕೊಂಡು ಬನ್ನಿ. ಸ್ಕ್ರೂಡ್ರೈವರ್ ಯಾವುದು ಅಂತ ಕೇಳಿ, ಪೋಜಿಡ್ರೈವ್ 3 (ಬೈಂಡಿಂಗ್ ಸ್ಕ್ರೂಗೆ ಸರಿಯಾಗಿ ಕೂರುವ ತುದಿ) ಅನ್ನದೆ ಸಾಮಾನ್ಯ ಸ್ಟಾರ್ ತೋರಿಸಿದರೆ ಅಲ್ಲಿಂದ ಹೊರಡಿ. ಮನೆಗೆ ತಂದ ಮೇಲೆ ಕಾರ್ಪೆಟ್ ಮೇಲೆ ಬೂಟ್ ಹಾಕಿ ನಿಂತು, ನಿಧಾನವಾಗಿ ಕಾಲು ತಿರುವಿ ನೋಡಿ, ನೋವಾಗುವ ಮೊದಲು ಕಳಚಬೇಕು. ರಾತ್ರಿಯಿಡೀ ಫ್ರೀಜರ್ ಒಳಗಿಟ್ಟು ನೋಡೋಕೆ ಆಗಲ್ಲ, ಆದ್ದರಿಂದ ಯಾವ ಗ್ರೀಸ್ ಹಾಕಿದ್ದೀರಿ ಅಂತ ಬಾಯಿಬಿಟ್ಟು ಕೇಳಿ. ನನ್ನ ಹಾಗೆ ಸಂಕೋಚ ಮಾಡಿಕೊಳ್ಳಬೇಡಿ.

ಪೀಣ್ಯದ ಆ ಶೆಡ್ಡಿಗೆ ಈಗಾಗಲೇ ಕೊಟ್ಟು ತಂದವರು ಇದ್ದರೆ, ಇವತ್ತು ರಾತ್ರಿಯೇ ಸ್ಕೀ ಮಗುಚಿ ಹಾಕಿ. ಹೀಲ್ ಪೀಸ್ ಇರುವ ಜಾಗದ ತಳದಲ್ಲಿ ಬೆರಳು ಎಳೆದು ನೋಡಿ. ಉಬ್ಬು ಸಿಕ್ಕರೆ ಫೋಟೋ ತೆಗೆದು ನನಗೆ ಕಳಿಸಿ, ದೂರಿಗೆ ಸೇರಿಸುತ್ತೇನೆ.