ಚಾವಿ ಮಾಡುವವರೇ, ‘ಲೈಸೆನ್ಸ್’ ಅಂತ ಯಾರಾದ್ರೂ ಬಂದರೆ ದುಡ್ಡು ಬಿಚ್ಚಬೇಡಿ

ಪುಣೆಯ ಹಡಪಸರದಲ್ಲಿ ಚಾವಿ ಮಾಡ್ತೀನಿ, ಊರು ವಿಜಯಪುರದ ಕಡೆ. ಫುಟ್‌ಪಾತ್ ಬಿಟ್ಟು ಸಣ್ಣ ಗಾಳಾ (ಅಂಗಡಿ ಖೋಲಿ) ಹಿಡಿದ ವಾರವೇ ಏಜೆಂಟ್ ಒಬ್ಬ ಬಂದ, ಮಾತು ನಮ್ಮ ಕಡೆಯದೇ. “ಅಣ್ಣಾರ, ಬೀಗ ತೆಗಿಯೋ ಧಂದೆ ನಿಮ್ಮದು. ಲೈಸೆನ್ಸ್ ಇಲ್ಲಂದ್ರ ಪೊಲೀಸರು ಬಿಡೂದಿಲ್ರಿ.” 6,500 ರೂಪಾಯಿ ಕೊಟ್ಟೆ. ನನ್ನ ಕೈಯಲ್ಲಿ ಅರ, ಅರ್ಧ ಹಲ್ಲು ಕಡಿದ ಚಾವಿ. ಆಧಾರ್ ಒಟಿಪಿ ಬಂದಾಗ ಫೋನ್ ಎತ್ತಿಕೊಂಡು ಅವನೇ ನೋಡಿಕೊಂಡ.

ಬಂದದ್ದು ಎರಡು ಕಾಗದ, ಕೊರಳಿಗೆ ಹಾಕೋ ಒಂದು ಕಾರ್ಡು. ನನ್ನ ಫೋಟೊ, ಕೆಂಪಕ್ಷರದಲ್ಲಿ ‘ಅಧಿಕೃತ’, ಮೂಲೆಯಲ್ಲಿ ಹೊಳೆಯೋ ಸ್ಟಿಕರ್. ಎರಡು ತಿಂಗಳು ಮೆರೆದೆ.

ಆಮೇಲೆ ಒಂದು ಸಂಜೆ ‘ಬಾಡಿಗೆದಾರ’ ಅಂದವನಿಗೆ ಫ್ಲ್ಯಾಟಿನ ಲ್ಯಾಚ್ ತೆಗೆದುಕೊಟ್ಟೆ. ಅವನನ್ನ ಮನೆ ಖಾಲಿ ಮಾಡಿಸಿದ ಜಗಳ ಅದು ಅಂತ ಮರುದಿನ ಪೊಲೀಸ್ ಚೌಕಿಯಲ್ಲಿ ಗೊತ್ತಾಯಿತು. ಕಾರ್ಡು ಮುಂದಿಟ್ಟೆ. ಸಾಹೇಬರು ಸ್ಟಿಕರನ್ನು ಉಗುರಿನಿಂದ ಕೆರೆದರು, ಎದ್ದು ಬಂತು. “ಇದನ್ನ ಯಾವ ಆಫೀಸು ಕೊಟ್ಟಿತು? ಅದಿರಲಿ, ಬಾಗಿಲು ತೆಗೆಸಿದವನ ಹೆಸರು ಎಲ್ಲಿ ಬರ್ಕೊಂಡೀಯಾ?” ಎಲ್ಲೂ ಬರೆದಿರಲಿಲ್ಲ. ನಾಲ್ಕು ತಾಸು ಬೆಂಚಿನ ಮೇಲೆ ಕೂತೆ.

ಆ ಎರಡು ಕಾಗದ ಮಾತ್ರ ಅಸಲಿ, ಮಜಾ ನೋಡಿ. ಒಂದು ಉದ್ಯಮ್, ಅಂದ್ರೆ ಸಣ್ಣ ಉದ್ಯಮಗಳ ನೋಂದಣಿ. ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಪುಕ್ಕಟೆ, ನಾವೇ ತುಂಬಿದ ಮಾಹಿತಿ ಮೇಲೆ ಸಿಗುತ್ತೆ. ಇನ್ನೊಂದು ಶಾಪ್ ಆಕ್ಟ್, ಮುಂಬೈಯವರು ಗುಮಾಸ್ತಾ ಅನ್ನೋದು. 2017ರ ಮಹಾರಾಷ್ಟ್ರ ಕಾಯ್ದೆಯಲ್ಲಿ ನನ್ನಂಥ ಒಂಟಿ ಅಂಗಡಿಯವನು ಆನ್‌ಲೈನ್ ಸೂಚನೆ ಕೊಟ್ಟರೆ ಬರೋ ರಸೀದಿ. ಅಂಗಡಿ ಇದೆ ಅನ್ನೋಕೆ ಇವು ಪುರಾವೆ, ಬ್ಯಾಂಕಿಗೆ ಬೇಕಾಗುತ್ತೆ. ಬೀಗ ತೆಗೆಯೋ ಪರವಾನಗಿ ಎರಡೂ ಅಲ್ಲ. ಅಂಥ ಪ್ರತ್ಯೇಕ ಲೈಸೆನ್ಸೇ ನಮ್ಮಲ್ಲಿಲ್ಲ. ಫುಟ್‌ಪಾತ್ ಮೇಲೆ ಕೂರೋರದು ಬೇರೆ ಲೆಕ್ಕ: 2014ರ ಬೀದಿ ವ್ಯಾಪಾರಿ ಕಾಯ್ದೆ ಸೇವೆ ಕೊಡೋರಿಗೂ ಅನ್ವಯಿಸುತ್ತೆ, ಪ್ರಮಾಣಪತ್ರ ಕೊಡೋದು ಪಾಲಿಕೆ ಮಟ್ಟದ ಪಟ್ಟಣ ವ್ಯಾಪಾರ ಸಮಿತಿ.

ಈಗ ನೂರು ಪುಟದ ನೋಟ್‌ಬುಕ್ ಇಟ್ಟೀನಿ. ಬಾಗಿಲು ತೆಗೆಸೋರ ಹೆಸರು, ಆಧಾರ್ ಫೋಟೊ, ಸಹಿ. ಸೊಸೈಟಿ ವಾಚ್‌ಮನ್ ಪಕ್ಕದಲ್ಲೇ ನಿಲ್ಲಬೇಕು. ಸೋಪಿನ ಮೇಲೆ ಒತ್ತಿದ ಚಾವಿಯ ಅಚ್ಚು ತಂದರೆ ಮುಟ್ಟೋದಿಲ್ಲ. ಗಿರಾಕಿ ಗೊಣಗುತ್ತಾರೆ, ಗೊಣಗಲಿ.

ಒಟಿಪಿ ಕಥೆ ಮಾತ್ರ ಮುಗಿದಿಲ್ಲ. ಉದ್ಯಮ್ ದಾಖಲೆಯಲ್ಲಿ ಆ ಏಜೆಂಟ್ ತುಂಬಿದ್ದು ತನ್ನದೇ ಮೊಬೈಲು, ತನ್ನದೇ ಇಮೇಲು. ಫೋನ್ ಮಾಡಿದರೆ ‘ತಿದ್ದುಪಡಿಗೆ 1,500’ ಅಂತಾನೆ.