ಸಿಲ್ವರ್ ಮರದ ಪಟ್ಟಿ, ಏಳು ಕಾಲುವೆ: ಗೋಣಿಕೊಪ್ಪದ ಕಡೆ ಮಾಡಿಸಿದ ಡಿಫ್ಯೂಸರ್ ಹೇಗಿದೆ?

ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಬಡಗಿ ಅಂಗಡಿ ಇದೆ. ಮುಂದೆ ಬಾಗಿಲು, ಕಿಟಕಿ ಒರಗಿಸಿಟ್ಟಿರುತ್ತಾರೆ. ಹಿಂದಿನ ಶೆಡ್‌ನಲ್ಲಿ ಗರಗಸದ ಯಂತ್ರ. ನನ್ನ ರೆಕಾರ್ಡಿಂಗ್ ಕೋಣೆಗೆ ನಾಲ್ಕು ಡಿಫ್ಯೂಸರ್, ಅಂದರೆ ಗೋಡೆಗೆ ಹಾಕಿ ಸದ್ದನ್ನು ಚದುರಿಸುವ ಮರದ ಪ್ಯಾನೆಲ್, ಮಾಡಿಸಿದ್ದು ಅಲ್ಲೇ. ಅವು ಒಂದು ಪೂರ್ತಿ ಮಳೆಗಾಲ ದಾಟಿವೆ. ಹಾಡುಗಾರರನ್ನು ಅವುಗಳ ನಡುವೆ ಕೂರಿಸಿ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹಾಡುಗಳನ್ನೂ ರೆಕಾರ್ಡ್ ಮಾಡಿದ್ದೇನೆ. ಈಗ ಧೈರ್ಯವಾಗಿ ಹೇಳಬಹುದು: ಕಡಿಮೆ ಖರ್ಚಿನಲ್ಲಿ ಮನೆಯ ಕೋಣೆಯ ಸದ್ದು ಸುಧಾರಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಮೊದಲು ಕಾಫಿ ಮೂಟೆ ಇಡುತ್ತಿದ್ದ ಜಾಗ. ನಾನು ಇಲ್ಲಿ ಮುಖ್ಯವಾಗಿ ಊರಿನ ಹಿರಿಯರ ಹಾಡು ರೆಕಾರ್ಡ್ ಮಾಡುತ್ತೇನೆ. ನಾಲ್ಕು ಜನ, ಎಲ್ಲರ ಕೈಯಲ್ಲೂ ದುಡಿ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ದುಡಿ ಡಮರುಗದ ಆಕಾರದ ಪುಟ್ಟ ವಾದ್ಯ, ಆದರೆ ಸಣ್ಣ ಕೋಲು ಬಿದ್ದ ತಕ್ಷಣ ಬರುವ ಆ ಚುರುಕು ಸದ್ದು ಬರೀ ಗೋಡೆಗೆ ಬಡಿದು ಹಾಗೇ ವಾಪಸ್ ಬರುತ್ತದೆ. ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಎದುರುಬದುರು ಗೋಡೆಗಳ ನಡುವೆ 'ಟರ್ರ್' ಅಂತ ಓಡಾಡುವುದು ಕೇಳಿಸುತ್ತದೆ. ಮೈಕ್‌ಗೆ ಅದು ಇನ್ನೂ ಜಾಸ್ತಿ ಕೇಳಿಸುತ್ತದೆ.

ಇದಕ್ಕೆ ಎಲ್ಲರೂ ಮೊದಲು ಹೇಳುವುದು ಫೋಮ್. ಒಂದು ಇಂಚಿನ ಫೋಮ್ ಚೌಕಗಳು ಮೇಲಿನ ಸ್ವರಗಳನ್ನು ಮಾತ್ರ ಚೆನ್ನಾಗಿ ಹೀರುತ್ತವೆ, ಕೆಳಗಿನವನ್ನು ಹಾಗೇ ಬಿಡುತ್ತವೆ. ಗೋಡೆ ತುಂಬ ಅಂಟಿಸಿದರೆ ಹಾಡುಗಾರರ ದನಿ ಕಂಬಳಿಯೊಳಗಿಂದ ಬಂದ ಹಾಗೆ ಆಗುತ್ತದೆ. ಇನ್ನೊಂದು ವಿಷಯ, ಇದು ಕೊಡಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುವ ಊರಿನಲ್ಲಿ ಗೋಡೆಗೆ ಅಂಟಿಸಿದ ಫೋಮ್ ಉಳಿಯುತ್ತದಾ? ಮೊಟ್ಟೆ ಟ್ರೇ ವಿಚಾರವಂತೂ ಬಿಟ್ಟುಬಿಡಿ. ಹಗುರ ರಟ್ಟು ಅದು. ಹೊರಗಿನ ಸದ್ದನ್ನು ತಡೆಯುವುದಿಲ್ಲ, ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ.

ಡಿಫ್ಯೂಸರ್ ಸದ್ದನ್ನು ನುಂಗುವುದಿಲ್ಲ, ಚದುರಿಸುತ್ತದೆ. ಜೀವ ಕೋಣೆಯಲ್ಲೇ ಉಳಿಯುತ್ತದೆ, ಒಂದೇ ದಿಕ್ಕಿನಿಂದ ಬರುವ ಏಟು ಮಾತ್ರ ಹೋಗುತ್ತದೆ. ಈ ಲೆಕ್ಕವನ್ನು 1970ರ ದಶಕದಲ್ಲಿ ಕೊಟ್ಟವರು ಜರ್ಮನಿಯ ಭೌತಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಶ್ರೋಡರ್. ಲೆಕ್ಕ ಎಷ್ಟು ಸರಳ ನೋಡಿ. 0ರಿಂದ 6ರವರೆಗಿನ ಪ್ರತಿ ಅಂಕಿಯನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 7ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. 0, 1, 4, 2, 2, 4, 1. ಇಷ್ಟೇ! ಪ್ಯಾನೆಲ್‌ನಲ್ಲಿ ಪಕ್ಕಪಕ್ಕ ಏಳು ಉದ್ದ ತಗ್ಗು, ಅಂದರೆ ಕಾಲುವೆ, ಅವುಗಳ ಆಳ ಈ ಅನುಪಾತದಲ್ಲಿ. ಶಾಲೆಯಲ್ಲಿ ಕಲಿತ ಭಾಗಾಕಾರದ ಶೇಷ ಗೋಡೆಯ ಮೇಲೆ ಕೂತು ದನಿಯನ್ನು ಚದುರಿಸುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಆಳ ಎಷ್ಟಿರಬೇಕು ಅನ್ನುವುದನ್ನು ಕೋಣೆಯೇ ಹೇಳುತ್ತದೆ. ಆಳ ಜಾಸ್ತಿ ಮಾಡಿದಷ್ಟೂ ಕೆಳಗಿನ ಸ್ವರಗಳವರೆಗೆ ಕೆಲಸ ಮಾಡುತ್ತದೆ. ಆದರೆ ಹಾಡುವವರು ಅಷ್ಟೇ ದೂರ ಕೂರಬೇಕಾಗುತ್ತದೆ. ಆ ಕೆಳಗಿನ ಸ್ವರದ ತರಂಗದ ಉದ್ದ ಎಷ್ಟೋ, ಅದರ ಮೂರು ಪಟ್ಟು ದೂರ ಇರಲಿ ಅನ್ನುತ್ತಾರೆ. ನಾನು 700 ಹರ್ಟ್ಸ್ (ಸೆಕೆಂಡಿಗೆ 700 ಕಂಪನ) ಹಿಡಿದೆ. ಅಲ್ಲಿ ತರಂಗ ಸುಮಾರು 49 ಸೆಂಟಿಮೀಟರ್, ಮೂರು ಪಟ್ಟು ಅಂದರೆ ಐದು ಅಡಿ. ಹನ್ನೆರಡು ಅಡಿ ಕೋಣೆಯ ಎರಡು ತುದಿಗೂ ಪ್ಯಾನೆಲ್ ಇಟ್ಟು ನಡುವೆ ಹಾಡುವವರನ್ನು ಕೂರಿಸಿದರೆ ಸರಿಯಾಗಿ ಹೊಂದುತ್ತದೆ. 700 ಹರ್ಟ್ಸ್‌ಗೆ, ಮೇಲಿನ ಅನುಪಾತದ 1 ಅಂದರೆ ಮೂರೂವರೆ ಸೆಂಟಿಮೀಟರ್ ಬರುತ್ತದೆ. ಹಾಗಾಗಿ ಕಾಲುವೆಗಳ ಆಳ 0, 3.5, 14, 7, 7, 14, 3.5. ಒಂದೊಂದರ ಅಗಲ 5 ಸೆಂಟಿಮೀಟರ್. ಅಗಲ ಇಷ್ಟಿದ್ದರೆ ಸುಮಾರು 3,400 ಹರ್ಟ್ಸ್‌ವರೆಗೆ ಲೆಕ್ಕದ ಪ್ರಕಾರ ನಡೆಯುತ್ತದೆ. ಮನುಷ್ಯರ ದನಿಗೆ, ದುಡಿಗೆ ಇದು ಸಾಕು.

ಅಂಗಡಿಯವರಿಗೆ ಈ ಅಳತೆ ಚೀಟಿ ಕೊಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಮರ ಯಾವುದು ಹಾಕಲಿ?" ನಾನು ಸಿಲ್ವರ್ ಅಂದೆ, ಅಂದರೆ ಸಿಲ್ವರ್ ಓಕ್. ಕಾಫಿ ತೋಟಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮಲ್ಲಿ ಎಲ್ಲಿ ನೋಡಿದರೂ ಇರುವ ಮರ. ಹಗುರ, ಅಗ್ಗ. "ಹಸಿ ಮರ ಕೊಯ್ದರೆ ಸೊಟ್ಟ ಆಗುತ್ತೆ. ಹೋದ ಬೇಸಿಗೆಯಲ್ಲಿ ಕೊಯ್ದು ಅಟ್ಟಿ ಹಾಕಿದ ಪಟ್ಟಿ ಇದೆ, ಅದರಲ್ಲೇ ಮಾಡಿಕೊಡ್ತೀನಿ" ಅಂದರು. ಈ ಒಂದು ಮಾತಿಗೇ ಅಂಗಡಿಗೆ ಅರ್ಧ ಅಂಕ ಕೊಡಬಹುದು. ಮಳೆಗಾಲ ಮುಗಿದ ಮೇಲೂ ನನ್ನ ಪಟ್ಟಿಗಳು ನೆಟ್ಟಗಿವೆ.

ಕಾಲುವೆಗಳ ನಡುವಿನ ತಡೆಗೆ 4 ಮಿಲಿಮೀಟರ್ ಮೆರೈನ್ ಪ್ಲೈ. ಮಾಮೂಲಿ ಪ್ಲೈ ಸ್ವಲ್ಪ ಅಗ್ಗ, ಆದರೆ ನಮ್ಮ ಥಂಡಿಗೆ ಪದರ ಬಿಡುತ್ತದೆ, ಅಲ್ಲಿ ಉಳಿಸಬೇಡಿ. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟ್‌ನಲ್ಲಿ, ನಾಲ್ಕು ಅಡಿ ಉದ್ದ, 14 ಸೆಂಟಿಮೀಟರ್ ಅಗಲದ ಹದಿನಾರು ತುಂಡು ಬರುತ್ತವೆ. ಒಂದು ಪ್ಯಾನೆಲ್‌ಗೆ ಎಂಟು ಬೇಕು. ಎರಡು ಪ್ಯಾನೆಲ್‌ಗೆ ಒಂದು ಶೀಟ್, ಲೆಕ್ಕ ಸರಿಹೋಯಿತು. ಹಿಂದೆ 12 ಮಿಲಿಮೀಟರ್ ಪ್ಲೈ. ಆಳದ ಎರಡು ಕಾಲುವೆಗೆ ಅದೇ ತಳ. ಉಳಿದ ಐದಕ್ಕೆ ಸಿಲ್ವರ್ ಪಟ್ಟಿ, ಕೆಳಗೆ ಅಡಿಗೊಂದು ಮರದ ಚಕ್ಕೆ. ಪಟ್ಟಿಯ ಎರಡು ಅಂಚಿಗೂ ಉದ್ದಕ್ಕೂ ಫೆವಿಕಾಲ್ ಹಾಕಲೇಬೇಕು ಅಂತ ಒತ್ತಿ ಹೇಳಿ. ಸಂದಿ ಉಳಿದರೆ ಸದ್ದು ಅಲ್ಲಿ ನುಸುಳಿ ಕಳೆದುಹೋಗುತ್ತದೆ. ಪಟ್ಟಿ ಸಡಿಲ ಇದ್ದರೆ ದುಡಿ ಬಾರಿಸುವಾಗ ಅದೂ ಜೊತೆಗೆ ಗುಂಯ್‌ಗುಡುತ್ತದೆ.

ಒಂದು ಪ್ಯಾನೆಲ್‌ಗೆ ಮರ, ಪ್ಲೈ, ಕೂಲಿ ಎಲ್ಲ ಸೇರಿ ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ ಬಿತ್ತು. ಮೂವತ್ತೆಂಟು ಸೆಂಟಿಮೀಟರ್ ಅಗಲ, ನಾಲ್ಕು ಅಡಿ ಎತ್ತರ. ತೂಕ ಹತ್ತು ಕಿಲೋ ಆಸುಪಾಸು, ಒಬ್ಬರೇ ಎತ್ತಿ ನೇತುಹಾಕಬಹುದು. ಕಾಲುವೆಗಳು ಮೇಲಿಂದ ಕೆಳಕ್ಕೆ ನಿಲ್ಲುವ ಹಾಗೆ ಹಾಕಿದ್ದೇನೆ, ಆಗ ಸದ್ದು ಎಡಕ್ಕೂ ಬಲಕ್ಕೂ ಹರಡುತ್ತದೆ. ಒಂದು ಗೋಡೆಗೆ ಎರಡು, ಎದುರಿನದಕ್ಕೆ ಎರಡು.

ಅಂಗಡಿಯ ಬಗ್ಗೆ ಎರಡು ದೂರು ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ. ಮಧ್ಯೆ ಯಾವುದೋ ಮದುವೆ ಮನೆಯ ಮಂಚದ ಕೆಲಸ ಬಂತು, ನನ್ನದು ಮೂಲೆ ಸೇರಿತು. ಫೋನ್ ಮಾಡಿದರೆ "ನಾಳೆ ಅಕ್ಕಾ" ಅನ್ನುವ ಉತ್ತರ. ಎರಡನೆಯದು, ಪ್ಲೈ ಅಂಚನ್ನು ಉಜ್ಜದೆ ಕೊಟ್ಟರು. ಉಪ್ಪು ಕಾಗದ ಹಿಡಿದು ನಾನೇ ಕೂತು ಉಜ್ಜಿ, ಎರಡು ಕೈ ವಾರ್ನಿಷ್ ಬಳಿದೆ. ಆದರೆ ಅಳತೆ? ಒಂದು ಮಿಲಿಮೀಟರ್ ಆಚೀಚೆ ಇಲ್ಲ. ಈ ಕೆಲಸದಲ್ಲಿ ಅದೇ ಮುಖ್ಯ.

ಫಲ ಹೇಗಿದೆ ಅಂದರೆ, ಚಪ್ಪಾಳೆಯ 'ಟರ್ರ್' ಹೋಗಿದೆ. ನಾಲ್ಕು ದುಡಿಯ ಏಟು ಬೇರೆ ಬೇರೆಯಾಗಿ ಕೇಳುತ್ತದೆ. ಯಾರು ಒಂದು ಕೂದಲೆಳೆ ಮುಂಚೆ ಹೊಡೆದರು ಅನ್ನುವುದೂ ಗೊತ್ತಾಗುತ್ತದೆ. ಹಿರಿಯರೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳಿ, "ಇದು ನಮ್ಮ ಮನೆ ಜಗಲಿಯಲ್ಲಿ ಕೂತು ಹಾಡಿದ ಹಾಗೇ ಇದೆಯಲ್ಲಾ ಮಗಳೇ" ಅಂದರು. ನನಗೆ ಬೇಕಿದ್ದದ್ದೂ ಅದೇ. ಈ ಹಾಡುಗಳು ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ, ಸತ್ತ ಕೋಣೆಯಲ್ಲಿ ಅವನ್ನು ಹಿಡಿದಿಡುವುದು ಸರಿಯಲ್ಲ.

ಏನು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಇದು ಸೌಂಡ್‌ಪ್ರೂಫ್ ಅಲ್ಲ. ಜುಲೈ ಮಳೆ ಮಾಡಿನ ಮೇಲೆ ಬೀಳುವಾಗ ರೆಕಾರ್ಡಿಂಗ್ ಇಲ್ಲ, ಅಷ್ಟೇ. ಕೆಳಗಿನ ಸ್ವರಗಳ ಗುಂಯ್ ಕೂಡ ಇದರಿಂದ ಹೋಗುವುದಿಲ್ಲ. ಈ ಅಳತೆಯ ಕೋಣೆಯಲ್ಲಿ ಅದು 47 ಮತ್ತು 56 ಹರ್ಟ್ಸ್ ಹತ್ತಿರ ಬರುತ್ತದೆ. ಅದಕ್ಕೆ ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರಿನ ಹಾಸು) ಬೇಕು, ನಾನು ಬಟ್ಟೆ ಸುತ್ತಿ ನಿಲ್ಲಿಸಿದ್ದೇನೆ. ಎಂಟು ಅಡಿಗಿಂತ ಚಿಕ್ಕ ಕೋಣೆ ಇರುವವರು ಡಿಫ್ಯೂಸರ್‌ಗೆ ದುಡ್ಡು ಹಾಕುವ ಬದಲು ರಾಕ್‌ವೂಲ್‌ಗೇ ಹಾಕಿ.

ಮಾಡಿಸುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಆರ್ಡರ್ ಕೊಡಿ. ಮರ ಒಣಗಿರುತ್ತದೆ, ಮಳೆಗೆ ಮುಂಚೆ ವಾರ್ನಿಷ್ ಗಟ್ಟಿಯಾಗುತ್ತದೆ. ಮುಂಗಡ ಅರ್ಧ ಮಾತ್ರ ಕೊಟ್ಟು, ಮೊದಲು ಒಂದೇ ಪ್ಯಾನೆಲ್ ಮಾಡಿಸಿ ಟೇಪ್ ಹಿಡಿದು ನೋಡಿ. ಸರಿ ಇದ್ದರೆ ಉಳಿದವನ್ನು ಹೇಳಿ.