ಅಷ್ಟೊಂದು ಫೀ ಕಟ್ಟಿದ ಮೇಲೂ ದೇಣಿಗೆಯೇ? ಅಮೆರಿಕದ ವಿಶ್ವವಿದ್ಯಾಲಯಗಳ ‘ಆನ್ಯುಯಲ್ ಫಂಡ್’ ವಿಮರ್ಶೆ

ಅಮೆರಿಕದಲ್ಲಿ ಪದವಿ ಮುಗಿಸಿದವರಿಗೆ ವರ್ಷ ವರ್ಷವೂ ತಪ್ಪದೆ ಬರುವ ಪತ್ರ ಒಂದಿದೆ: ವಿಶ್ವವಿದ್ಯಾಲಯದ ಆನ್ಯುಯಲ್ ಫಂಡ್‌ಗೆ (ಆಯಾ ವರ್ಷದ ಖರ್ಚಿಗೆ ಸಂಗ್ರಹಿಸುವ ನಿಧಿ) ದೇಣಿಗೆ ಕೊಡಿ ಎಂಬ ಮನವಿ. ಶಿಕ್ಷಣ ಸಾಲದ ಕಂತು ಇನ್ನೂ ಹೋಗುತ್ತಿರುವಾಗಲೇ ಅದು ಬರುತ್ತದೆ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಘೋಷಿತ ಬೋಧನಾ ಶುಲ್ಕ ವರ್ಷಕ್ಕೆ 60,000 ಡಾಲರ್ ದಾಟಿದೆ. ಅಷ್ಟು ಕಟ್ಟಿದವರು ‘ಮತ್ತೆ ಯಾಕೆ ಕೊಡಬೇಕು?’ ಎಂದು ಕೇಳುವುದು ನ್ಯಾಯವೇ. ಈ ದೇಣಿಗೆ ವ್ಯವಸ್ಥೆಯನ್ನು ಇಲ್ಲಿ ಒಂದು ಸೇವೆಯಂತೆ ನೋಡಿದ್ದೇವೆ. ಕೇಳುವ ಕಾರಣ ಗಟ್ಟಿಯೇ, ದುಡ್ಡು ಎಲ್ಲಿಗೆ ಹೋಗುತ್ತದೆ, ಫಾರಂ, ರಸೀದಿ, ಫೋನ್ ಕರೆ ಹೇಗಿವೆ ಎಂಬುದನ್ನು ಪರಿಶೀಲಿಸಿದ್ದೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕೇಳುವುದಕ್ಕೆ ನಿಜವಾದ ಕಾರಣವಿದೆ, ಆದರೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಫಾರಂ ತಾನಾಗಿ ತೋರಿಸುವ ಆಯ್ಕೆಯನ್ನೇ ಒಪ್ಪಿದರೆ ಸಣ್ಣ ದೇಣಿಗೆ ಬಜೆಟ್ಟಿನೊಳಗೆ ಕರಗಿಹೋಗುತ್ತದೆ. ಸ್ವಲ್ಪ ಹುಡುಕಿ ಸರಿಯಾದ ನಿಧಿ ಆರಿಸಿದರೆ ಅದೇ ದುಡ್ಡು ಕಷ್ಟದಲ್ಲಿರುವ ವಿದ್ಯಾರ್ಥಿಯನ್ನು ಮುಟ್ಟುತ್ತದೆ.

ಕಾರಣದಿಂದ ಶುರುಮಾಡೋಣ. ಘೋಷಿತ ಶುಲ್ಕವೆಲ್ಲ ಕಾಲೇಜಿನ ಕೈಗೆ ಸೇರುವುದಿಲ್ಲ. ಖಾಸಗಿ ಲಾಭರಹಿತ ಕಾಲೇಜುಗಳು ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಘೋಷಿತ ಶುಲ್ಕದ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ರಿಯಾಯಿತಿಯಾಗಿ ಬಿಡುತ್ತಿವೆ ಎಂದು ಕಾಲೇಜು ಹಣಕಾಸು ಅಧಿಕಾರಿಗಳ ಸಂಘ ‘ನಾಕುಬೋ’ದ ಸಮೀಕ್ಷೆಗಳು ಹೇಳುತ್ತವೆ. ಈ ರಿಯಾಯಿತಿಯ ಬಹುಪಾಲಿನ ಹಿಂದೆ ಯಾವ ನಿಧಿಯೂ ಇಲ್ಲ, ಅದು ಬರಬೇಕಿದ್ದು ಬಾರದೇ ಹೋದ ಆದಾಯ ಅಷ್ಟೇ. ಖರ್ಚಿನ ದೊಡ್ಡ ಪಾಲು ಸಂಬಳ. ಯಂತ್ರ ಬಂದು ಕಾರ್ಖಾನೆಯ ಉತ್ಪಾದನೆ ಹೆಚ್ಚಿದ ಹಾಗೆ ಒಬ್ಬ ಪ್ರಾಧ್ಯಾಪಕ ಪಾಠ ಹೇಳುವ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ, ಸಂಬಳ ಮಾತ್ರ ಉಳಿದವರ ಜೊತೆಗೆ ಏರಬೇಕು. ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ರಂಗಕಲೆಗಳನ್ನು ಮುಂದಿಟ್ಟು ವಿವರಿಸಿದ ಈ ಒತ್ತಡ ಕಾಲೇಜಿಗೂ ಹಾಗೆಯೇ ಹೊಂದುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳ ಕಥೆ ಬೇರೆ. 2008ರ ಆರ್ಥಿಕ ಕುಸಿತದ ನಂತರ ರಾಜ್ಯಗಳು ಪ್ರತಿ ವಿದ್ಯಾರ್ಥಿಗೆ ಕೊಡುತ್ತಿದ್ದ ಅನುದಾನ ಕಡಿತಗೊಳಿಸಿದವು, ಆ ಭಾರ ಶುಲ್ಕದ ಮೇಲೆ ಬಿತ್ತು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮನವಿ ಪತ್ರಗಳು ಇದನ್ನು ಹೇಳುವುದೇ ಇಲ್ಲ. ‘ನಿಮ್ಮ ಶುಲ್ಕ ನಿಮ್ಮ ಓದಿನ ಪೂರ್ಣ ವೆಚ್ಚವನ್ನು ತುಂಬಲಿಲ್ಲ’ ಎಂಬ ವಾದ ಪದವಿ ವಿದ್ಯಾರ್ಥಿಗಳಿಗೆ ಹಲವೆಡೆ ನಿಜ. ಹೊರದೇಶದಿಂದ ಹೋಗಿ ಪೂರ್ತಿ ಶುಲ್ಕ ಕಟ್ಟಿ ಎಂಎಸ್ ಮಾಡಿದವರಿಗೆ ಅದು ಬಹುತೇಕ ಹೊಂದುವುದಿಲ್ಲ. ವೃತ್ತಿಪರ ಸ್ನಾತಕೋತ್ತರ ಕೋರ್ಸುಗಳನ್ನು ಎಷ್ಟೋ ಕಡೆ ನಡೆಸುವುದೇ ಆದಾಯಕ್ಕಾಗಿ. ಅವರು ಈಗಾಗಲೇ ಬೇರೆಯವರ ರಿಯಾಯಿತಿಯ ಒಂದು ಪಾಲು ಹೊತ್ತವರು. ಋಣದ ಮಾತೆತ್ತಿ ಅವರಿಂದ ದೇಣಿಗೆ ಕೇಳುವುದು ತಪ್ಪು. ಮುಂದೆ ಬರುವ ವಿದ್ಯಾರ್ಥಿಗೆ ನೆರವಾಗಿ ಎಂದು ಕೇಳಿದರೆ ಸರಿ.

ಹಾಗಾದರೆ ಕೋಟಿಗಟ್ಟಲೆ ಇಡುಗಂಟು ಇದೆಯಲ್ಲ? ಹಾರ್ವರ್ಡ್‌ನ ದತ್ತಿ ನಿಧಿ 2024ರ ಜೂನ್ ಕೊನೆಗೆ 5,320 ಕೋಟಿ ಡಾಲರ್ ಇತ್ತು. ಆದರೆ ಅದು ಒಂದೇ ಖಾತೆಯಲ್ಲ, 14,000ಕ್ಕೂ ಹೆಚ್ಚು ಬೇರೆ ಬೇರೆ ನಿಧಿಗಳ ಮೊತ್ತ. ಸುಮಾರು ಶೇ 80ರಷ್ಟು ಹಣಕ್ಕೆ ದಾನಿಗಳ ಷರತ್ತು ಇದೆ: ಇಂಥ ಪೀಠಕ್ಕೆ, ಇಂಥ ಗ್ರಂಥಾಲಯಕ್ಕೆ, ಇಂಥ ವಿಷಯದ ವಿದ್ಯಾರ್ಥಿವೇತನಕ್ಕೆ ಎಂದು. ಇಡುಗಂಟನ್ನು ಕರಗಿಸುವಂತಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಅದರ ಮೌಲ್ಯದ ಶೇ 4ರಿಂದ 5ರಷ್ಟನ್ನು ತೆಗೆದು ಬಳಸುತ್ತಾರೆ. ಶೇ 7ಕ್ಕಿಂತ ಹೆಚ್ಚು ತೆಗೆದರೆ ವಿವೇಚನೆಯಿಲ್ಲದ ಖರ್ಚು ಎಂದು ಭಾವಿಸುವ ಕಾನೂನು ಕೆಲವು ರಾಜ್ಯಗಳಲ್ಲಿದೆ. ಷರತ್ತು ಮುರಿದ ಆರೋಪ ಬಂದರೆ ಏನಾಗುತ್ತದೆ ಎಂಬುದಕ್ಕೆ ಪ್ರಿನ್ಸ್‌ಟನ್ ಉದಾಹರಣೆ. ಸರ್ಕಾರಿ ಸೇವೆಗೆ ಪದವೀಧರರನ್ನು ತಯಾರು ಮಾಡಲೆಂದು ರಾಬರ್ಟ್‌ಸನ್ ಕುಟುಂಬ 1961ರಲ್ಲಿ 3.5 ಕೋಟಿ ಡಾಲರ್ ಕೊಟ್ಟಿತ್ತು. ಹಣ ಆ ಉದ್ದೇಶಕ್ಕೆ ಹೋಗುತ್ತಿಲ್ಲ ಎಂದು 2002ರಲ್ಲಿ ಮೊಕದ್ದಮೆ ಹೂಡಿತು, 2008ರಲ್ಲಿ ರಾಜಿಯಾಯಿತು. ಇಡುಗಂಟು ದೊಡ್ಡದಿದ್ದರೂ ಈ ವರ್ಷದ ವಿದ್ಯುತ್ ಬಿಲ್ಲಿಗೆ ಅದರಲ್ಲಿ ಹಣವಿಲ್ಲ ಎಂಬ ಸ್ಥಿತಿ ಹೀಗೆ ಹುಟ್ಟುತ್ತದೆ. ಆನ್ಯುಯಲ್ ಫಂಡ್ ಈ ಅಂತರ ತುಂಬಲೆಂದೇ ಇರುವ, ಷರತ್ತಿಲ್ಲದ, ಅದೇ ವರ್ಷ ಖರ್ಚಾಗುವ ಹಣ.

ಇದೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಾವಿರಾರು ಕೋಟಿಯವರು 25 ಡಾಲರಿಗೆ ಯಾಕೆ ಫೋನ್ ಮಾಡುತ್ತಾರೆ? ಆ ಕರೆಯ ವೆಚ್ಚವೂ ಕೆಲವೊಮ್ಮೆ ಅದರಲ್ಲಿ ಹುಟ್ಟುವುದಿಲ್ಲ. ಅವರಿಗೆ ಬೇಕಿರುವುದು ಅಭ್ಯಾಸ. ಯೌವನದಲ್ಲಿ ಸಣ್ಣ ಮೊತ್ತವನ್ನು ಬಿಡದೆ ಕೊಟ್ಟವರೇ ಮುಂದೆ ದೊಡ್ಡ ದೇಣಿಗೆ ಕೊಡುತ್ತಾರೆ, ಉಯಿಲಿನಲ್ಲಿ ಕಾಲೇಜಿನ ಹೆಸರು ಬರೆಯುತ್ತಾರೆ ಎಂಬುದು ನಿಧಿ ಸಂಗ್ರಹ ಕಚೇರಿಗಳ ಲೆಕ್ಕಾಚಾರ. ಎಷ್ಟು ಪಾಲು ಹಳೆಯ ವಿದ್ಯಾರ್ಥಿಗಳು ಕೊಡುತ್ತಾರೆ ಎಂಬುದನ್ನು ಯುಎಸ್ ನ್ಯೂಸ್ ಕಾಲೇಜು ಶ್ರೇಯಾಂಕವೂ ಬಹುಕಾಲ ಲೆಕ್ಕಕ್ಕೆ ಹಿಡಿಯುತ್ತಿತ್ತು, 2023ರಲ್ಲಿ ಕೈಬಿಟ್ಟಿತು. ಹಾಗಾಗಿ ‘ನಿಮ್ಮ ಐದು ಡಾಲರ್ ನಮ್ಮ ಶ್ರೇಯಾಂಕ ಏರಿಸುತ್ತದೆ’ ಎಂದು ಈಗಲೂ ಯಾರಾದರೂ ಹೇಳಿದರೆ ಅದು ಹಳೆಯ ಸ್ಕ್ರಿಪ್ಟ್. ಹಳೆಯ ವಿದ್ಯಾರ್ಥಿಗಳ ಮನೆಯ ಬೆಲೆ, ಷೇರು ವ್ಯವಹಾರದ ಬಹಿರಂಗ ದಾಖಲೆ, ಚುನಾವಣಾ ದೇಣಿಗೆ ಇವನ್ನೆಲ್ಲ ಜೋಡಿಸಿ ಯಾರಿಂದ ಎಷ್ಟು ಬರಬಹುದು ಎಂದು ಅಂದಾಜಿಸುವ ಕಂಪನಿಗಳಿವೆ. ಫಾರಂನಲ್ಲಿ ನಿಮಗೆ ಕಾಣುವ ಮೊತ್ತಗಳು ಎಷ್ಟೋ ಬಾರಿ ಈ ಅಂದಾಜಿನಿಂದ, ಇಲ್ಲವೇ ನೀವು ಹಿಂದೆ ಕೊಟ್ಟ ಮೊತ್ತದಿಂದ ಬಂದವು. ಅವನ್ನು ಬಿಟ್ಟು ನಿಮ್ಮ ಮೊತ್ತ ನೀವೇ ಬರೆಯಿರಿ.

ಈಗ ದುಡ್ಡಿನ ದಾರಿ. ಫಾರಂನಲ್ಲಿ ‘ಗ್ರೇಟೆಸ್ಟ್ ನೀಡ್’ (ಹೆಚ್ಚು ಅಗತ್ಯವಿರುವ ಕಡೆಗೆ) ಎಂಬ ಆಯ್ಕೆ ಮೇಲೆಯೇ ಇರುತ್ತದೆ. ಆಡಳಿತಕ್ಕೆ ಅದು ಅತ್ಯಂತ ಉಪಯುಕ್ತ ಹಣ, ಚಿಕ್ಕ ಬಡ ಕಾಲೇಜಿಗಂತೂ ಅದೇ ಜೀವಾಳ. ಶ್ರೀಮಂತ ವಿಶ್ವವಿದ್ಯಾಲಯದಲ್ಲಿ ಮಾತ್ರ ಬಜೆಟ್ಟಿನಲ್ಲಿ ಮೊದಲೇ ನಿಗದಿಯಾದ ಖರ್ಚಿನ ಜಾಗಕ್ಕೆ ಅದು ಹೋಗಿ ಕೂರುತ್ತದೆ. ವಿದ್ಯಾರ್ಥಿವೇತನ ಎಂದು ಟಿಕ್ ಹಾಕಿದರೂ ಇದೇ ತೊಂದರೆ ಬರಬಹುದು: ನೆರವಿನ ಬಜೆಟ್ ಮೊದಲೇ ತೀರ್ಮಾನವಾಗಿದ್ದರೆ ನಿಮ್ಮ 100 ಡಾಲರ್ ಬಂದಷ್ಟು ಸಾಮಾನ್ಯ ನಿಧಿಯ 100 ಡಾಲರ್ ಬೇರೆ ಕಡೆ ಹೋಗುತ್ತದೆ, ಮಕ್ಕಳಿಗೆ ಸಿಗುವ ಒಟ್ಟು ನೆರವು ಬದಲಾಗುವುದಿಲ್ಲ. ಹೀಗಾಗದಂತೆ ನೋಡಿಕೊಳ್ಳಲು ಬಜೆಟ್ಟಿನಿಂದ ಹಣ ಬಾರದ, ದೇಣಿಗೆಯಿಂದಷ್ಟೇ ನಡೆಯುವ ನಿಧಿ ಹುಡುಕಬೇಕು. ವಿದ್ಯಾರ್ಥಿಗಳ ತುರ್ತು ನೆರವಿನ ನಿಧಿ (ಬಾಡಿಗೆ, ವಿಮಾನದ ಟಿಕೆಟ್, ಕೆಟ್ಟ ಲ್ಯಾಪ್‌ಟಾಪ್), ಕ್ಯಾಂಪಸ್ಸಿನ ಉಚಿತ ದಿನಸಿ ಕೇಂದ್ರ, ವಿಭಾಗದ ಸಮ್ಮೇಳನ ಪ್ರಯಾಣ ನಿಧಿ, ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವವರಿಗೆ ಭತ್ಯೆ ಇಂಥವು ಸಾಮಾನ್ಯವಾಗಿ ಆ ಬಗೆಯವು. ವಿಭಾಗದ ಕಚೇರಿಗೆ ‘ಈ ನಿಧಿಗೆ ಬಜೆಟ್ಟಿನಿಂದ ಹಣ ಬರುತ್ತದೆಯೇ, ಕಳೆದ ವರ್ಷ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಕೊಟ್ಟಿರಿ?’ ಎಂದು ಒಂದು ಇಮೇಲ್ ಹಾಕಿದರೆ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ನಿಮ್ಮ ಹೆಸರಿನಲ್ಲಿ ಶಾಶ್ವತ ದತ್ತಿ ಎಂಬ ಆಸೆ ತೋರಿಸಿದರೆ ಲೆಕ್ಕ ಹಾಕಿ ನೋಡಿ. 50,000 ಡಾಲರ್ ಇಡುಗಂಟಿಗೆ ಶೇ 4.5ರ ದರದಲ್ಲಿ ವರ್ಷಕ್ಕೆ ಸಿಗುವುದು 2,250 ಡಾಲರ್. ಅದೇ 50,000ವನ್ನು ‘ಕರೆಂಟ್ ಯೂಸ್’ (ಇಡುಗಂಟಾಗಿ ಇಡದೆ ನೇರವಾಗಿ ಖರ್ಚು ಮಾಡುವ ಹಣ) ಎಂದು ಕೊಟ್ಟರೆ ಐದು ವರ್ಷ, ವರ್ಷಕ್ಕೆ 10,000 ಡಾಲರಿನಂತೆ ಒಬ್ಬ ವಿದ್ಯಾರ್ಥಿಯ ಸಾಲವನ್ನೇ ತಪ್ಪಿಸಬಹುದು. ಇದಲ್ಲದೆ 2017ರ ಕಾನೂನು ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯಗಳ ಹೂಡಿಕೆ ಆದಾಯದ ಮೇಲೆ ಶೇ 1.4 ತೆರಿಗೆ ಹಾಕಿತ್ತು. 2025ರ ಕಾನೂನು ವಿದ್ಯಾರ್ಥಿಗೆ ಇಂತಿಷ್ಟು ಇಡುಗಂಟು ಎಂಬ ಲೆಕ್ಕದ ಮೇಲೆ ಅದನ್ನು ಶೇ 8ರವರೆಗೆ ಏರಿಸಿದೆ. ಕೆಲವು ವಿಶ್ವವಿದ್ಯಾಲಯ ಫೌಂಡೇಶನ್‌ಗಳು (ವಿಶ್ವವಿದ್ಯಾಲಯದ ಪರವಾಗಿ ದೇಣಿಗೆ ನೋಡಿಕೊಳ್ಳುವ ಪ್ರತ್ಯೇಕ ಸಂಸ್ಥೆಗಳು) ದೇಣಿಗೆ ಬಂದ ಕೂಡಲೇ ಶೇ 5ರಷ್ಟು ಅಥವಾ ಅದಕ್ಕೂ ಹೆಚ್ಚು ನಿರ್ವಹಣಾ ಶುಲ್ಕ ಕಡಿದುಕೊಳ್ಳುತ್ತವೆ. ಅದು ನೀತಿ ಪುಟದಲ್ಲಿರುತ್ತದೆ, ಫಾರಂನಲ್ಲಿ ಅಪರೂಪ. ಬರೆದು ಕೇಳಿ.

ದೇಣಿಗೆಯಿಂದ ಶುಲ್ಕವೇ ಇಳಿದ ಉದಾಹರಣೆಗಳು ಇಲ್ಲವೆಂದಲ್ಲ. 2024ರ ಫೆಬ್ರುವರಿಯಲ್ಲಿ ರೂತ್ ಗಾಟ್ಸ್‌ಮನ್ 100 ಕೋಟಿ ಡಾಲರ್ ಕೊಟ್ಟು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಬೋಧನಾ ಶುಲ್ಕವನ್ನೇ ರದ್ದು ಮಾಡಿಸಿದರು. 2018ರಲ್ಲಿ ಮೈಕಲ್ ಬ್ಲೂಮ್‌ಬರ್ಗ್ ತಾವು ಓದಿದ ಜಾನ್ಸ್ ಹಾಪ್‌ಕಿನ್ಸ್‌ಗೆ ಪದವಿ ವಿದ್ಯಾರ್ಥಿಗಳ ನೆರವಿಗೆಂದೇ 180 ಕೋಟಿ ಕೊಟ್ಟರು. ಎರಡರಲ್ಲೂ ಉದ್ದೇಶವನ್ನು ದಾನಿ ಮೊದಲೇ ಗೊತ್ತುಮಾಡಿದ್ದರು. ನೂರು ಡಾಲರ್ ಕೊಡುವವರೂ ಅದನ್ನೇ ಮಾಡಬೇಕು.

ಆನ್‌ಲೈನ್ ಫಾರಂ ಒಟ್ಟಿನಲ್ಲಿ ಚೆನ್ನಾಗಿದೆ, ಐದು ನಿಮಿಷದ ಕೆಲಸ. ಆದರೂ ನಾಲ್ಕು ಕಡೆ ಎಚ್ಚರ ಬೇಕು. ನಿಧಿಯ ಪಟ್ಟಿಯಲ್ಲಿ ಆರೇಳು ಹೆಸರಷ್ಟೇ ಕಾಣುತ್ತವೆ, ‘ಅದರ್’ ಒತ್ತಿ ನಿಧಿಯ ಹೆಸರನ್ನೋ ಸಂಖ್ಯೆಯನ್ನೋ ಬರೆದರೆ ಮಾತ್ರ ಉಳಿದವು ಸಿಗುತ್ತವೆ. ಕೆಲವು ಫಾರಂಗಳಲ್ಲಿ ‘ಪ್ರತಿ ತಿಂಗಳು’ ಎಂಬುದು ಮೊದಲೇ ಆಯ್ಕೆಯಾಗಿರುತ್ತದೆ. ತಿಂಗಳ ಕಂತೇ ಬೇಕಿದ್ದರೆ ಕೊನೆಯ ದಿನಾಂಕ ನಮೂದಿಸಿ, ಏಕೆಂದರೆ ಹಳೆಯ ಕಾರ್ಡಿನ ಅವಧಿ ಮುಗಿದರೂ ಹೊಸ ಕಾರ್ಡಿನ ವಿವರ ಎಷ್ಟೋ ಸಲ ತಾನಾಗಿ ಅಪ್‌ಡೇಟ್ ಆಗಿ ಕಂತು ಮುಂದುವರಿಯುತ್ತದೆ. ಕಾರ್ಡ್ ಶುಲ್ಕವನ್ನೂ ನೀವೇ ಕೊಡುವ ಚೌಕ ಇರುತ್ತದೆ. ಬ್ಯಾಂಕ್ ಖಾತೆಯಿಂದ ಕೊಟ್ಟರೆ ಆ ಖರ್ಚೇ ಕಡಿಮೆ.

ನಾಲ್ಕನೆಯದು ಉದ್ಯೋಗದಾತರ ಮ್ಯಾಚಿಂಗ್, ಹೆಚ್ಚು ಹಣ ದಾರಿ ತಪ್ಪುವುದು ಇಲ್ಲಿಯೇ. ದೊಡ್ಡ ಟೆಕ್ ಕಂಪನಿಗಳಲ್ಲಿ ಹಲವು ತಮ್ಮ ನೌಕರರ ದೇಣಿಗೆಗೆ ಅಷ್ಟೇ ಮೊತ್ತ ಸೇರಿಸುತ್ತವೆ. ಕಂಪನಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ವಿಶ್ವವಿದ್ಯಾಲಯದ ತೆರಿಗೆ ಸಂಖ್ಯೆಯೂ ಅದರ ಫೌಂಡೇಶನ್ನಿನ ತೆರಿಗೆ ಸಂಖ್ಯೆಯೂ ಬೇರೆ ಬೇರೆ ಎಂಬುದು ನೆನಪಿರಲಿ. ರಸೀದಿಯಲ್ಲಿರುವ ಸಂಖ್ಯೆಯನ್ನೇ ಹಾಕಿ. ಕಂಪನಿಯ ಪಾಲು ಬರುವಾಗ ನೀವು ಆರಿಸಿದ ನಿಧಿಯ ಹೆಸರು ಜೊತೆಗೆ ಬಾರದೆ ಹಣ ಸಾಮಾನ್ಯ ನಿಧಿಗೆ ಜಮೆಯಾಗುವುದುಂಟು. ಪೋರ್ಟಲ್‌ನ ಟಿಪ್ಪಣಿ ಜಾಗದಲ್ಲಿ ನಿಧಿ ಸಂಖ್ಯೆ ಬರೆದು, ದೇಣಿಗೆ ಕಚೇರಿಗೂ ಒಂದು ಇಮೇಲ್ ಕಳಿಸಿ. ‘ಗಿವಿಂಗ್ ಡೇ’ (ವಿಶ್ವವಿದ್ಯಾಲಯ ಒಂದೇ ದಿನ ನಡೆಸುವ ದೇಣಿಗೆ ಅಭಿಯಾನ) ದಿನದ ಮ್ಯಾಚಿಂಗ್ ಇದಕ್ಕಿಂತ ಬೇರೆ: ಅಲ್ಲಿ ದೊಡ್ಡ ದಾನಿಯ ಹಣ ಹೇಗಿದ್ದರೂ ಬರುವ ಸಂಭವವೇ ಹೆಚ್ಚು, ಅದಕ್ಕಾಗಿ ಅವಸರ ಪಡಬೇಕಿಲ್ಲ.

ಕಂಪನಿ ಷೇರು ಕೈಯಲ್ಲಿದ್ದು, ಕೊಂಡು ಅಥವಾ ನಿಮ್ಮದಾಗಿ ವರ್ಷ ದಾಟಿ, ಬೆಲೆ ಏರಿದ್ದರೆ ಅದನ್ನೇ ವರ್ಗಾಯಿಸುವುದು ನಗದಿಗಿಂತ ಮೇಲು. ಏರಿದ ಲಾಭಕ್ಕೆ ತೆರಿಗೆ ಬೀಳುವುದಿಲ್ಲ, ಪೂರ್ಣ ಮಾರುಕಟ್ಟೆ ಬೆಲೆಗೆ ತೆರಿಗೆ ವಿನಾಯಿತಿ ಕೇಳಬಹುದು. ಆದರೆ ಬ್ರೋಕರ್ ಕಡೆಯಿಂದ ಷೇರು ಹೋಗುವಾಗ ದಾನಿಯ ಹೆಸರು ಜೊತೆಗೆ ಹೋಗದಿರುವುದು ಸಾಮಾನ್ಯ. ಯಾವ ಕಂಪನಿಯ ಎಷ್ಟು ಷೇರು, ಯಾವ ನಿಧಿಗೆ ಎಂದು ಮುಂಚಿತವಾಗಿ ಬರೆದು ತಿಳಿಸದಿದ್ದರೆ ಅದು ವಾರಿಸುದಾರರಿಲ್ಲದ ಷೇರಾಗಿ ಕೂತುಬಿಡುತ್ತದೆ.

ರಸೀದಿಯ ವಿಷಯದಲ್ಲಿ ಈ ಸೇವೆಗೆ ಒಳ್ಳೆಯ ಅಂಕ ಕೊಡುತ್ತೇವೆ. 250 ಡಾಲರ್ ಅಥವಾ ಹೆಚ್ಚಿದ್ದರೆ ಲಿಖಿತ ಸ್ವೀಕೃತಿ ಇಲ್ಲದೆ ವಿನಾಯಿತಿ ಇಲ್ಲ, ರಿಟರ್ನ್ ಸಲ್ಲಿಸುವ ಮೊದಲೇ ಅದು ಕೈಯಲ್ಲಿರಬೇಕು. ಪ್ರತಿಯಾಗಿ ಏನೂ ಕೊಟ್ಟಿಲ್ಲ ಎಂಬ ಸಾಲು ಅದರಲ್ಲಿದೆಯೇ ನೋಡಿ. ಔತಣ ಸಿಕ್ಕಿದ್ದರೆ ಅದರ ಬೆಲೆ ಕಳೆಯಬೇಕು. ಫುಟ್‌ಬಾಲ್ ಪಂದ್ಯದ ಸೀಟು ಕೊಳ್ಳುವ ಹಕ್ಕಿಗಾಗಿ ಕೊಟ್ಟ ಹಣಕ್ಕೆ 2018ರಿಂದ ವಿನಾಯಿತಿಯೇ ಇಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚುಗಳನ್ನು ಒಂದೊಂದಾಗಿ ತೋರಿಸದೆ ಪಡೆಯುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೆ 2022ರಿಂದ 2025ರವರೆಗೆ ದೇಣಿಗೆಯಿಂದ ಈ ತೆರಿಗೆ ಲಾಭ ಇರಲಿಲ್ಲ. 2026ರಿಂದ ನಗದು ದೇಣಿಗೆಗೆ ಒಬ್ಬರಿಗೆ 1,000, ಜಂಟಿಯಾಗಿ ಸಲ್ಲಿಸುವ ದಂಪತಿಗೆ 2,000 ಡಾಲರ್‌ವರೆಗೆ ಅವಕಾಶವಿದೆ. ಡಿಸೆಂಬರ್ 31ರ ಗಡಿಗೆ ಕಾರ್ಡ್ ಆದರೆ ಚಾರ್ಜ್ ಆದ ದಿನ, ಅಂಚೆಯ ಚೆಕ್ ಆದರೆ ರವಾನಿಸಿದ ದಿನ, ಷೇರು ಆದರೆ ಅವರ ಖಾತೆಗೆ ಸೇರಿದ ದಿನ ಲೆಕ್ಕ. ಷೇರನ್ನು ಡಿಸೆಂಬರ್ ಮೊದಲ ವಾರದಲ್ಲೇ ಕಳಿಸಿ.

ಯಾವ ಕಾಲೇಜಿಗೆ ನಿಜವಾಗಿ ಬೇಕು ಎಂದು ತಿಳಿಯಲು ಎರಡು ದಾಖಲೆ ಸಾಕು. ಕಾಲೇಜುಗಳು ಒಂದೇ ನಮೂನೆಯಲ್ಲಿ ಪ್ರಕಟಿಸುವ ಅಂಕಿಅಂಶಗಳ ದಾಖಲೆ ‘ಕಾಮನ್ ಡೇಟಾ ಸೆಟ್’ನ ಎಚ್2 ಭಾಗದಲ್ಲಿ ನೆರವು ಬೇಕಿರುವ ವಿದ್ಯಾರ್ಥಿಗಳೆಷ್ಟು, ಅವರ ಅಗತ್ಯದಲ್ಲಿ ಶೇಕಡಾ ಎಷ್ಟನ್ನು ಕಾಲೇಜು ತುಂಬಿದೆ ಎಂಬುದಿದೆ. ಶೇ 100 ಇದ್ದರೆ ನಿಮ್ಮ ವಿದ್ಯಾರ್ಥಿವೇತನದ ದುಡ್ಡು ಅಲ್ಲಿ ಬಜೆಟ್ ಹಗುರ ಮಾಡುತ್ತದೆ, ಶೇ 60 ಇದ್ದರೆ ಕೊರತೆ ತುಂಬುತ್ತದೆ. ಎರಡನೆಯದು ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ವರ್ಷವರ್ಷ ಸಲ್ಲಿಸುವ ಫಾರಂ 990ರ ಶೆಡ್ಯೂಲ್ ಡಿ: ದತ್ತಿ ನಿಧಿಗೆ ವರ್ಷದಲ್ಲಿ ಬಂದದ್ದೆಷ್ಟು, ವಿದ್ಯಾರ್ಥಿವೇತನಕ್ಕೆ ಹೋದದ್ದೆಷ್ಟು ಎಂದು ಅಲ್ಲಿ ಕಾಣುತ್ತದೆ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಅದರ ಫೌಂಡೇಶನ್ ಹೆಸರಿನಲ್ಲಿ ಹುಡುಕಿ. ಸಮುದಾಯ ಕಾಲೇಜುಗಳು (ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಕೋರ್ಸಿನ ಕಾಲೇಜುಗಳು), ಪ್ರಾದೇಶಿಕ ಸರ್ಕಾರಿ ಕಾಲೇಜುಗಳು ಈ ಲೆಕ್ಕದಲ್ಲಿ ಬಹಳ ಮುಂದೆ ನಿಲ್ಲುತ್ತವೆ. ನೀವು ಓದಿದ್ದು ಶ್ರೀಮಂತ ಕಡೆಯಾಗಿದ್ದರೆ ಅರ್ಧ ದುಡ್ಡು ಇಂಥ ಕಾಲೇಜಿಗೆ ಕೊಡಿ ಎಂದೇ ನಾವು ಹೇಳುತ್ತೇವೆ.

ಫೋನ್ ಕರೆ ಈ ಸೇವೆಯ ದುರ್ಬಲ ಭಾಗ. ಮೊದಲು ದೊಡ್ಡ ಮೊತ್ತ, ಇಲ್ಲವೆಂದರೆ ಅದಕ್ಕಿಂತ ಕಡಿಮೆ, ಆಮೇಲೆ ಇನ್ನೂ ಕಡಿಮೆ ಎಂದು ಕೇಳುವುದು ಸ್ಕ್ರಿಪ್ಟಿನಲ್ಲೇ ಇದೆ. ಕರೆ ಮಾಡುವವರು ಗಂಟೆಯ ಸಂಬಳಕ್ಕೆ ದುಡಿಯುವ ವಿದ್ಯಾರ್ಥಿಗಳು, ಅವರ ಮೇಲೆ ಸಿಟ್ಟಾಗಬೇಡಿ. ಬದಲಿಗೆ ಯಾವ ನೆರವು ಅವರ ಗೆಳೆಯರಿಗೆ ಸಿಗುತ್ತಿಲ್ಲ ಎಂದು ಕೇಳಿ, ಫಾರಂನಲ್ಲಿಲ್ಲದ ಮಾಹಿತಿ ಅವರಲ್ಲಿರುತ್ತದೆ. ‘ಯೋಚಿಸುತ್ತೇನೆ’ ಎಂದರೆ ಮತ್ತೆ ಕರೆಯಬೇಕಾದವರ ಪಟ್ಟಿಗೆ ನಿಮ್ಮ ಹೆಸರು ಸೇರುತ್ತದೆ. ಕರೆ ಬೇಡವೆಂದರೆ ‘ಫೋನ್ ಬೇಡ, ಇಮೇಲ್ ಮಾತ್ರ’ ಎಂದು ಬಿಡಿಸಿ ಹೇಳಿ. ಮನವಿಯೇ ಬೇಡವಾದರೆ ಹಳೆಯ ವಿದ್ಯಾರ್ಥಿಗಳ ದಾಖಲೆ ಕಚೇರಿಗೆ ‘ದೇಣಿಗೆ ಮನವಿ ಕಳಿಸಬೇಡಿ’ ಎಂದು ಬರೆಯಿರಿ. ‘ಸಂಪರ್ಕವೇ ಬೇಡ’ ಎಂದು ಬರೆದರೆ ಅದು ಬೇರೆ ಗುರುತು, ಪುನರ್ಮಿಲನದ ಆಹ್ವಾನ ಮತ್ತು ಹಳೆಯ ವಿದ್ಯಾರ್ಥಿಗಳ ಪತ್ರಿಕೆಯೂ ಅದರೊಂದಿಗೆ ನಿಂತುಹೋಗುತ್ತವೆ.